ಸಿಬಿಐಗೆ ಕೊಡಿ ಎನ್ನುವ ಮುನ್ನ

ಐಎಎಸ್ ಅಧಿಕಾರಿ ಡಿ.ಕೆ. ರವಿ 2015ರ ಮಾರ್ಚ್ 16ರಂದು ಬೆಂಗಳೂರಿನ ತಮ್ಮ ಫ್ಲ್ಯಾಟ್‌ನಲ್ಲಿ ಶವವಾಗಿ ಪತ್ತೆಯಾದರು. ಅವರು ಹಿಂದೆ ಜಿಲ್ಲಾಧಿಕಾರಿಯಾಗಿದ್ದ ಕೋಲಾರದಲ್ಲಿ ಜನ ಬೀದಿಗಿಳಿದರು, ಅಂಗಡಿಗಳು ಬಾಗಿಲು ಹಾಕಿದವು, ವಿಧಾನಮಂಡಲದ ಕಲಾಪ ಗದ್ದಲದಲ್ಲೇ ಮುಗಿಯುತ್ತಿತ್ತು. ಬೇಡಿಕೆ ಒಂದೇ: ತನಿಖೆ ಸಿಬಿಐಗೆ ಹೋಗಬೇಕು. ಸಿಐಡಿ ಸಾಕು ಎಂದು ಪಟ್ಟು ಹಿಡಿದಿದ್ದ ಸಿದ್ದರಾಮಯ್ಯ ಸರ್ಕಾರ ಒಂದು ವಾರದಲ್ಲಿ ಮಣಿಯಿತು. ಸಿಬಿಐ ಬಂತು, ತನಿಖೆ ನಡೆಸಿತು, ಇದು ಆತ್ಮಹತ್ಯೆ ಎಂಬ ತೀರ್ಮಾನಕ್ಕೆ ಬಂತು.

ರಾಜ್ಯದ ಪೊಲೀಸರು ಮೊದಲ ದಿನ ಮೇಲ್ನೋಟಕ್ಕೆ ಹೇಳಿದ್ದೂ ಅದನ್ನೇ. ಅವರು ಹೇಳಿದಾಗ ನಂಬಲು ಯಾರೂ ತಯಾರಿರಲಿಲ್ಲ. ಹಾಗೆ ನಂಬದೆ ಹೋದವರನ್ನು ನಾನು ತಪ್ಪುಗಾರರೆಂದು ಎಣಿಸುವುದಿಲ್ಲ. ಮರಳು ದಂಧೆಗೆ ಕೈ ಹಾಕಿದ್ದ ಯುವ ಅಧಿಕಾರಿಯೊಬ್ಬರು ಹೀಗೆ ಸತ್ತಾಗ, ಆಳುವವರ ಮಾತು ಕೇಳುವ ಪೊಲೀಸರೇ ಸತ್ಯ ಹೇಳುತ್ತಾರೆಂದು ಜನ ಭಾವಿಸಲು ಕಾರಣಗಳೇ ಇರಲಿಲ್ಲ. ‘ಸಿಬಿಐಗೆ ಕೊಡಿ’ ಎಂಬ ಕೂಗಿನ ಹಿಂದೆ ಇರುವುದು ಈ ಅಪನಂಬಿಕೆ. ಅದು ನ್ಯಾಯವಾದದ್ದು. ಆದರೆ ತನಿಖೆಯ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋದ ಮಾತ್ರಕ್ಕೆ ಅಪನಂಬಿಕೆಗೆ ಮದ್ದು ಸಿಕ್ಕಿತೇ ಎಂದು ನಾವು ಸಾಕಷ್ಟು ಕೇಳಿಕೊಂಡಿಲ್ಲ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಪೊಲೀಸ್ ವ್ಯವಸ್ಥೆ ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿದೆ. ಒಂದು ರಾಜ್ಯದ ಪೊಲೀಸರ ಅಧಿಕಾರವನ್ನು ಇನ್ನೊಂದು ರಾಜ್ಯಕ್ಕೆ ವಿಸ್ತರಿಸುವ ವಿಷಯ ಕೇಂದ್ರ ಪಟ್ಟಿಯ 80ನೇ ನಮೂದಿನಲ್ಲಿದೆ. ಹಾಗೆ ವಿಸ್ತರಿಸಲು ಆ ರಾಜ್ಯದ ಸಮ್ಮತಿ ಇರಲೇಬೇಕು ಎಂಬ ಷರತ್ತೂ ಅಲ್ಲೇ ಇದೆ. ಸಿಬಿಐ ಈ ಷರತ್ತಿಗೆ ಒಳಪಟ್ಟ ಸಂಸ್ಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸಾಮಗ್ರಿ ಒದಗಿಸುವ ಗುತ್ತಿಗೆಗಳಲ್ಲಿ ಲಂಚ ಮಿತಿಮೀರಿದಾಗ, 1941ರಲ್ಲಿ ಬ್ರಿಟಿಷ್ ಸರ್ಕಾರ ವಿಶೇಷ ಪೊಲೀಸ್ ದಳವೊಂದನ್ನು ಕಟ್ಟಿತು. ಅದಕ್ಕೆ 1946ರಲ್ಲಿ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಬೆಂಬಲ ಬಂತು. 1963ರ ಏಪ್ರಿಲ್ 1ರಂದು ಗೃಹ ಸಚಿವಾಲಯ ಒಂದು ನಿರ್ಣಯ ಹೊರಡಿಸಿ ಇದಕ್ಕೆ ಸಿಬಿಐ ಎಂದು ಹೆಸರಿಟ್ಟಿತು. ಸಿಬಿಐಗೆಂದೇ ಪ್ರತ್ಯೇಕ ಕಾಯ್ದೆ ಇಂದಿಗೂ ಇಲ್ಲ. ಈ ಕೊರತೆಯನ್ನೇ ಹಿಡಿದು ಗುವಾಹಟಿ ಹೈಕೋರ್ಟ್ 2013ರ ನವೆಂಬರ್‌ನಲ್ಲಿ ಆ ನಿರ್ಣಯವನ್ನೇ ರದ್ದುಪಡಿಸಿತ್ತು. ಸುಪ್ರೀಂ ಕೋರ್ಟ್ ಮೂರೇ ದಿನದಲ್ಲಿ ತಡೆ ನೀಡಿತು. ದೇಶದ ಅತಿ ದೊಡ್ಡ ತನಿಖಾ ಸಂಸ್ಥೆ ಅಂದಿನಿಂದ ಆ ತಡೆಯಾಜ್ಞೆಯ ಆಸರೆಯಲ್ಲೇ ನಡೆಯುತ್ತಿದೆ. ಸಂಸತ್ತು ಇಷ್ಟು ವರ್ಷದಲ್ಲಿ ಇದಕ್ಕೊಂದು ಕಾಯ್ದೆ ಮಾಡಲು ಮನಸ್ಸು ಮಾಡಿಲ್ಲ ಎಂಬುದು ಸಣ್ಣ ಸಂಗತಿಯಲ್ಲ.

ಪ್ರಕರಣ ಸಿಬಿಐಗೆ ಹೋಗುವ ಮೊದಲ ದಾರಿ ರಾಜ್ಯದ ಸಮ್ಮತಿ. 1946ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರ ಸಿಬಿಐ ವ್ಯಾಪ್ತಿಯನ್ನು ರಾಜ್ಯವೊಂದಕ್ಕೆ ವಿಸ್ತರಿಸಬಹುದು. 6ನೇ ಸೆಕ್ಷನ್ ಪ್ರಕಾರ ಆ ರಾಜ್ಯ ಒಪ್ಪಬೇಕು. ಬಹುತೇಕ ರಾಜ್ಯಗಳು ಬಹಳ ಕಾಲ ‘ಸಾಮಾನ್ಯ ಸಮ್ಮತಿ’ ಕೊಟ್ಟಿದ್ದವು, ಅಂದರೆ ಪ್ರತಿ ಪ್ರಕರಣಕ್ಕೂ ಸಿಬಿಐ ಬಂದು ಬಾಗಿಲು ತಟ್ಟಬೇಕಿರಲಿಲ್ಲ. ಕೊಲೆ, ಅತ್ಯಾಚಾರದಂಥ ಪ್ರಕರಣಗಳನ್ನು ರಾಜ್ಯವೇ ಒಪ್ಪಿಸಿದರೆ ಅದು ಪ್ರತ್ಯೇಕ ಸಮ್ಮತಿ. ರವಿ ಪ್ರಕರಣದಲ್ಲಿ ರಾಜ್ಯ ಕೊಟ್ಟ ಮೊದಲ ಅಧಿಸೂಚನೆಯಲ್ಲಿ ಮೂರು ತಿಂಗಳ ಗಡುವು ಇತ್ತು. ಗಡುವು ಹಾಕುವ ಅಧಿಕಾರ ರಾಜ್ಯಕ್ಕಿಲ್ಲ ಎಂಬ ಆಕ್ಷೇಪ ಬಂದು, ಅಧಿಸೂಚನೆಯನ್ನು ತಿದ್ದಿ ಮತ್ತೆ ಕಳುಹಿಸಬೇಕಾಯಿತು. ಪ್ರಕರಣವನ್ನು ಒಪ್ಪಿಸಿದ ಮೇಲೆ ಅದರ ಲಗಾಮು ರಾಜ್ಯದ ಕೈಯಲ್ಲಿರುವುದಿಲ್ಲ.

ಎರಡನೆಯ ದಾರಿ ನ್ಯಾಯಾಲಯ. ರಾಜ್ಯ ಒಪ್ಪದಿದ್ದರೂ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ಸಿಬಿಐ ತನಿಖೆಗೆ ಆದೇಶಿಸಬಹುದೆಂದು ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2010ರಲ್ಲಿ ಹೇಳಿತು. ಅದೇ ತೀರ್ಪಿನಲ್ಲಿ ಒಂದು ಎಚ್ಚರಿಕೆಯೂ ಇತ್ತು: ಈ ಅಧಿಕಾರವನ್ನು ಅಪರೂಪಕ್ಕೆ ಮಾತ್ರ ಬಳಸಬೇಕು; ಯಾರೋ ಸ್ಥಳೀಯ ಪೊಲೀಸರ ಮೇಲೆ ಆರೋಪ ಮಾಡಿದರೆಂಬ ಒಂದೇ ಕಾರಣಕ್ಕೆ ವರ್ಗಾಯಿಸಕೂಡದು. ನಮ್ಮ ಹೈಕೋರ್ಟ್ ಈ ಎಚ್ಚರಿಕೆಯನ್ನು ಹೇಗೆ ಪಾಲಿಸುತ್ತದೆ ಎಂಬುದಕ್ಕೆ 2025ರ ಎರಡು ಆದೇಶಗಳು ಸಾಕು. ಫೆಬ್ರುವರಿಯಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದ (ಮುಡಾ) ನಿವೇಶನ ಪ್ರಕರಣವನ್ನು ಸಿಬಿಐಗೆ ಕೊಡಬೇಕೆಂಬ ಅರ್ಜಿಯನ್ನು ತಿರಸ್ಕರಿಸಿತು. ಜುಲೈನಲ್ಲಿ ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣ ದುರ್ಬಳಕೆ ಪ್ರಕರಣವನ್ನು ಸಿಬಿಐಗೆ ವಹಿಸಿತು. ಎರಡರಲ್ಲೂ ರಾಜಕಾರಣಿಗಳ ಹೆಸರಿತ್ತು, ಎರಡರ ಸುತ್ತಲೂ ಗದ್ದಲವಿತ್ತು. ಆದರೂ ಉತ್ತರ ಬೇರೆಬೇರೆ ಬಂತು. ಹೀಗೇ ಆಗಬೇಕು. ಪ್ರಕರಣವೊಂದನ್ನು ರಾಜ್ಯದ ಕೈಯಿಂದ ತೆಗೆಯಬೇಕೇ ಎಂಬುದನ್ನು ಕಾಗದಪತ್ರ ನೋಡಿ ತೀರ್ಮಾನಿಸಬೇಕು, ಕಾರಣ ಬರೆದು ಹೇಳಬೇಕು. ಆ ಕಾರಣವನ್ನು ನಾಳೆ ಯಾರಾದರೂ ಮೇಲ್ಮನವಿಯಲ್ಲಿ ಪ್ರಶ್ನಿಸುವಂತಿರಬೇಕು.

ಮೂರನೆಯ ದಾರಿಯಲ್ಲಿ ಈ ಯಾವುದೂ ಬೇಕಿಲ್ಲ. ಅದನ್ನು ಮುಂದೆ ನೋಡೋಣ.

ವರ್ಗಾವಣೆ ಎಂದರೆ ನಿಜವಾಗಿ ಏನು ವರ್ಗವಾಗುತ್ತದೆ? ಟಿವಿ ಚರ್ಚೆಗಳಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ. ಠಾಣೆಯಲ್ಲಿ ದಾಖಲಾದ ಎಫ್‌ಐಆರ್, ಸ್ಥಳ ಮಹಜರು, ವಶಪಡಿಸಿಕೊಂಡ ವಸ್ತುಗಳ ಪಟ್ಟಿ, ಶವಪರೀಕ್ಷೆ ವರದಿ, ಸಾಕ್ಷಿಗಳ ಹೇಳಿಕೆ, ತನಿಖಾಧಿಕಾರಿ ದಿನದಿನಕ್ಕೆ ಬರೆದ ಕೇಸ್ ಡೈರಿ, ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದ ಮಾದರಿಗಳ ಸ್ವೀಕೃತಿ. ಸಿಬಿಐ ಇದನ್ನೆಲ್ಲ ಪಡೆದು, ತನ್ನ ಕಡೆ ಪ್ರಕರಣವನ್ನು ಹೊಸ ಸಂಖ್ಯೆಯಲ್ಲಿ ಮತ್ತೆ ದಾಖಲಿಸಿಕೊಂಡು ಕೆಲಸ ಶುರುಮಾಡುತ್ತದೆ. ಹೊಸ ಅಧಿಕಾರಿಗೆ ಸಿಗುವುದು ಹಳೆಯ ಅಧಿಕಾರಿ ಕೂಡಿಟ್ಟದ್ದು ಮಾತ್ರ. ಘಟನೆ ನಡೆದ ಜಾಗ ಅಷ್ಟರಲ್ಲಿ ಮಳೆಗೆ ತೊಳೆದುಹೋಗಿರುತ್ತದೆ ಅಥವಾ ಸುಣ್ಣ ಬಳಿಸಿಕೊಂಡಿರುತ್ತದೆ. ಬೀದಿ ಬದಿಯ ಅಂಗಡಿಯ ಸಿಸಿಟಿವಿ ಕೆಲವೇ ವಾರಗಳಲ್ಲಿ ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆದುಕೊಂಡಿರುತ್ತದೆ. ಸಾಕ್ಷಿಯ ಮನೆಗೆ ಯಾರು ಯಾರೋ ಬಂದು ಹೋಗಿರುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಂಥ ತನಿಖೆಗಳಿಗೆ ಚೆನ್ನಾಗಿ ಒಪ್ಪುತ್ತದೆ.

ಉಜಿರೆಯ ಕಾಲೇಜು ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ಪ್ರಕರಣ ನಮ್ಮ ಕಣ್ಣೆದುರೇ ಇದೆ. 2012ರ ಅಕ್ಟೋಬರ್‌ನಲ್ಲಿ ನಡೆದ ಘಟನೆ. ಮೊದಲು ಸ್ಥಳೀಯ ಪೊಲೀಸರು, ಆಮೇಲೆ ಸಿಐಡಿ, ಜನರ ಒತ್ತಾಯಕ್ಕೆ ಮಣಿದು 2013ರಲ್ಲಿ ಸಿಬಿಐ. ಮೂರು ಕೈ ಬದಲಾದರೂ ಆರೋಪಿಯ ಸ್ಥಾನದಲ್ಲಿ ಇದ್ದದ್ದು ಸ್ಥಳೀಯರು ಮೊದಲು ಹಿಡಿದು ಪೊಲೀಸರಿಗೆ ಒಪ್ಪಿಸಿದ ಅದೇ ಒಬ್ಬ ವ್ಯಕ್ತಿ. 2023ರ ಜೂನ್‌ನಲ್ಲಿ ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಆರಂಭದ ಹಂತದಲ್ಲಿ ಸಾಕ್ಷ್ಯ ಸಂಗ್ರಹಿಸಿದ ರೀತಿಯನ್ನು ಕಟುವಾಗಿ ಟೀಕಿಸಿತು. ಹನ್ನೊಂದು ವರ್ಷ ಒಬ್ಬ ಮನುಷ್ಯ ಕಳಂಕ ಹೊತ್ತು ಬದುಕಿದ. ಮಗಳನ್ನು ಕಳೆದುಕೊಂಡ ತಾಯಿಗೆ ಕೊಲೆಗಾರ ಯಾರೆಂದು ಯಾರೂ ಹೇಳಲಿಲ್ಲ. ಮೊದಲ ಎರಡು ದಿನಗಳ ಕೆಲಸ ಕೆಟ್ಟರೆ ದೆಹಲಿಯಿಂದ ಬಂದವರೂ ಅದನ್ನು ಸರಿಪಡಿಸಲಾರರು ಎಂಬುದಕ್ಕೆ ಇದಕ್ಕಿಂತ ನೋವಿನ ಉದಾಹರಣೆ ಕರ್ನಾಟಕದಲ್ಲಿ ನನಗೆ ಸಿಗುವುದಿಲ್ಲ.

ಹೊನ್ನಾವರದಲ್ಲಿ 2017ರ ಡಿಸೆಂಬರ್‌ನಲ್ಲಿ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಾಗ ಉತ್ತರ ಕನ್ನಡ ಜಿಲ್ಲೆ ಹೊತ್ತಿ ಉರಿಯಿತು. ಚುನಾವಣೆ ಹತ್ತಿರವಿತ್ತು. ಆ ಪ್ರಕರಣವೂ ಸಿಬಿಐಗೆ ಹೋಯಿತು. ಅದು ಕೊಲೆಯಲ್ಲ, ಆಕಸ್ಮಿಕವಾಗಿ ನೀರಿಗೆ ಬಿದ್ದು ಆದ ಸಾವು ಎಂಬ ವರದಿ ಸಲ್ಲಿಕೆಯಾಗುವ ಹೊತ್ತಿಗೆ 2022 ಬಂದಿತ್ತು. ಅಷ್ಟರೊಳಗೆ ಆ ಸಾವನ್ನು ಬಳಸಿಕೊಳ್ಳಬೇಕಾದವರು ಬಳಸಿಕೊಂಡಾಗಿತ್ತು. ಇಲ್ಲಿ ಸಿಬಿಐ ತನಿಖೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಐದು ವರ್ಷ ತಡವಾಗಿ ಬಂದ ಸತ್ಯಕ್ಕೆ ಗಲಭೆಯಲ್ಲಿ ಸುಟ್ಟದ್ದನ್ನು ಉಳಿಸುವ ಶಕ್ತಿ ಇರಲಿಲ್ಲ.

ಈಗ ಇನ್ನೊಂದು ಬಗೆಯ ತನಿಖೆಯನ್ನು ನೋಡಿ. ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು 2017ರ ಸೆಪ್ಟೆಂಬರ್ 5ರ ರಾತ್ರಿ ರಾಜರಾಜೇಶ್ವರಿ ನಗರದ ಅವರ ಮನೆಯ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಆಗಲೂ ಸಿಬಿಐ ಬೇಕೆಂಬ ಮಾತು ಬಂತು. ಸರ್ಕಾರ ಬಿ.ಕೆ. ಸಿಂಗ್ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ ರಚಿಸಿತು, ಎಂ.ಎನ್. ಅನುಚೇತ್ ತನಿಖಾಧಿಕಾರಿಯಾದರು. ಸಾಕ್ಷಿ ಎಂದು ಹೇಳಿಕೊಳ್ಳಬಹುದಾದ್ದು ಮೊದಲಿಗೆ ಬಹಳ ಕಡಿಮೆ: ಮನೆಯ ಕ್ಯಾಮೆರಾದಲ್ಲಿ ಹೆಲ್ಮೆಟ್ ಹಾಕಿದವನ ಕೆಲವು ಸೆಕೆಂಡುಗಳ ದೃಶ್ಯ, ಖಾಲಿ ಗುಂಡುಗಳು. 7.65 ಮಿ.ಮೀ. ನಾಡ ಪಿಸ್ತೂಲಿನಿಂದ ಸಿಡಿದ ಆ ಗುಂಡುಗಳನ್ನು ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದಾಗ, 2015ರ ಆಗಸ್ಟ್ 30ರಂದು ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದ ಪಿಸ್ತೂಲೂ ಇದೇ ಎಂಬುದು ತಿಳಿಯಿತು. ತಿಂಗಳುಗಟ್ಟಲೆ ಫೋನ್ ಕರೆಗಳ ಜಾಡು ಹಿಡಿದು, 2018ರ ಬೇಸಿಗೆಯಲ್ಲಿ ಒಬ್ಬೊಬ್ಬರಾಗಿ ಬಂಧನ ಶುರುವಾಯಿತು. ಆರೋಪಿಯೊಬ್ಬನ ಬಳಿ ಸಿಕ್ಕ ಡೈರಿಯಲ್ಲಿ ಸಂಕೇತಾಕ್ಷರಗಳಲ್ಲಿ ಹೆಸರುಗಳಿದ್ದವು. ಅದನ್ನು ಬಿಡಿಸಿದಾಗ ಮುಂದೆ ಕೊಲ್ಲಬೇಕೆಂದಿದ್ದವರ ಪಟ್ಟಿಯೂ ಸಿಕ್ಕಿತು. ಆ ವರ್ಷದ ನವೆಂಬರ್‌ನಲ್ಲಿ ಹದಿನೆಂಟು ಮಂದಿಯ ಮೇಲೆ ಒಂಬತ್ತು ಸಾವಿರಕ್ಕೂ ಹೆಚ್ಚು ಪುಟಗಳ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು.

ಅದೇ ಕಾಲದಲ್ಲಿ ಪುಣೆಯ ವಿಚಾರವಾದಿ ನರೇಂದ್ರ ದಾಭೋಲ್ಕರ್ ಕೊಲೆಯ ತನಿಖೆ ಸಿಬಿಐ ಕೈಯಲ್ಲಿತ್ತು. 2013ರ ಆಗಸ್ಟ್ 20ರಂದು ನಡೆದ ಕೊಲೆಯನ್ನು ಪುಣೆ ಪೊಲೀಸರು ಭೇದಿಸಲಾರದೆ ಹೋದಾಗ, 2014ರಲ್ಲಿ ಬಾಂಬೆ ಹೈಕೋರ್ಟ್ ಸಿಬಿಐಗೆ ಒಪ್ಪಿಸಿತ್ತು. 2016ರಲ್ಲಿ ಸಿಬಿಐ ಸಲ್ಲಿಸಿದ ಮೊದಲ ಆರೋಪ ಪಟ್ಟಿ, ಗುಂಡು ಹಾರಿಸಿದವರು ಎಂದು ಇಬ್ಬರನ್ನು ಹೆಸರಿಸಿತು. 2018ರ ಆಗಸ್ಟ್‌ನಲ್ಲಿ ಕರ್ನಾಟಕದ ತಂಡ ಕೊಟ್ಟ ಮಾಹಿತಿಯ ಎಳೆ ಹಿಡಿದು ಮಹಾರಾಷ್ಟ್ರದ ಭಯೋತ್ಪಾದನಾ ನಿಗ್ರಹ ದಳ ನಾಲಾಸೋಪಾರದಲ್ಲಿ ದಾಳಿ ಮಾಡಿದಾಗ ಸಿಕ್ಕಿಬಿದ್ದವನ ಬಾಯಿಂದ ಬೇರೆಯೇ ಕಥೆ ಹೊರಬಂತು. ಗುಂಡು ಹಾರಿಸಿದವರು ಬೇರೆ ಇಬ್ಬರು ಎಂದು ಸಿಬಿಐ ತನ್ನ ನಿಲುವು ಬದಲಿಸಿಕೊಂಡಿತು. 2024ರ ಮೇ 10ರಂದು ಪುಣೆ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿದ್ದು ಈ ಎರಡನೆಯ ಜೋಡಿಗೆ. ಸಂಚು ರೂಪಿಸಿದವನೆಂದು ಸಿಬಿಐ ಹೇಳಿದ್ದವನೂ ಸೇರಿ ಮೂವರು ಖುಲಾಸೆಯಾದರು.

ಇದನ್ನು ನೆನಪಿಡಬೇಕು. ರಾಷ್ಟ್ರೀಯ ಸಂಸ್ಥೆಯೊಂದು ಎರಡು ವರ್ಷ ಹುಡುಕಿ ತಪ್ಪು ಹೆಸರು ಬರೆದಿದ್ದಾಗ, ದಾರಿ ತೋರಿಸಿದ್ದು ಒಂದು ರಾಜ್ಯದ ಪೊಲೀಸ್ ತಂಡ. ಇಂಥ ವಿಚಾರವಾದಿಗಳ ಕೊಲೆಗಳನ್ನೆಲ್ಲ ಒಂದೇ ಸಂಸ್ಥೆಗೆ ಕೊಡಬಾರದೇಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್‌ನಲ್ಲಿ ಎದ್ದಿತ್ತು. ಕೊನೆಗೆ 2019ರ ಫೆಬ್ರುವರಿಯಲ್ಲಿ ನ್ಯಾಯಾಲಯ ಕಲಬುರ್ಗಿ ಪ್ರಕರಣವನ್ನು ಒಪ್ಪಿಸಿದ್ದು ಗೌರಿ ಪ್ರಕರಣ ಭೇದಿಸಿದ ಕರ್ನಾಟಕದ ಅದೇ ತಂಡಕ್ಕೆ. ಉಸ್ತುವಾರಿಯನ್ನು ಧಾರವಾಡ ಹೈಕೋರ್ಟ್ ಪೀಠಕ್ಕೆ ಕೊಟ್ಟಿತು. ಸಿಐಡಿ ಮೂರೂವರೆ ವರ್ಷ ಮುಗಿಸಲಾಗದ ಕೆಲಸ ಆರು ತಿಂಗಳಲ್ಲಿ ಆರೋಪ ಪಟ್ಟಿಯ ಹಂತಕ್ಕೆ ಬಂತು.

ಗೌರಿ ಪ್ರಕರಣದ ತಂಡಕ್ಕೆ ಏನು ಸಿಕ್ಕಿತ್ತು? ಬೇಕಾದಷ್ಟು ಜನ, ಬೇಕಾದಷ್ಟು ಸಮಯ, ಒಂದೇ ಪ್ರಕರಣದ ಮೇಲೆ ಗಮನ, ಮಧ್ಯದಲ್ಲಿ ವರ್ಗಾವಣೆಯ ಭಯವಿಲ್ಲ. ಅದರ ನಡುವೆಯೇ 2018ರ ಮೇನಲ್ಲಿ ರಾಜ್ಯದಲ್ಲಿ ಸರ್ಕಾರ ಬದಲಾಯಿತು, ತಂಡ ಬದಲಾಗಲಿಲ್ಲ. ಇದೇ ರಾಜ್ಯದ ಸಿಐಡಿ, 545 ಪಿಎಸ್‌ಐ ಹುದ್ದೆಗಳ ನೇಮಕಾತಿ ಹಗರಣದಲ್ಲಿ 2022ರ ಜುಲೈನಲ್ಲಿ ತನ್ನದೇ ಇಲಾಖೆಯ ಎಡಿಜಿಪಿ ದರ್ಜೆಯ ಅಧಿಕಾರಿಯನ್ನು ಬಂಧಿಸಿತು. ನಮ್ಮ ಪೊಲೀಸರಿಗೆ ಕೆಲಸ ಗೊತ್ತಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೆಲಸ ಮಾಡಲು ಬಿಡುವುದು ಅಪರೂಪ, ಅಷ್ಟೆ. ಸಿಬಿಐ ಎಂದರೆ ಬೇರೆ ಲೋಕದಿಂದ ಇಳಿದವರೂ ಅಲ್ಲ. ಅಲ್ಲಿನ ಮೇಲಧಿಕಾರಿಗಳಲ್ಲಿ ಬಹುಪಾಲು ಮಂದಿ ಯಾವುದೋ ರಾಜ್ಯದಿಂದ ಎರವಲು ಸೇವೆಯ ಮೇಲೆ ಹೋದ ಐಪಿಎಸ್ ಅಧಿಕಾರಿಗಳು. 2023ರ ಮೇನಲ್ಲಿ ಸಿಬಿಐ ನಿರ್ದೇಶಕರಾಗಿ ನೇಮಕಗೊಂಡ ಪ್ರವೀಣ್ ಸೂದ್ ಆವರೆಗೆ ಕರ್ನಾಟಕದ ಡಿಜಿಪಿ ಆಗಿದ್ದರು. ಆ ವರ್ಷ ಸಂಸದೀಯ ಸಮಿತಿಗೆ ಕೊಟ್ಟ ಲೆಕ್ಕದಂತೆ ಸಿಬಿಐನ 7,295 ಮಂಜೂರಾದ ಹುದ್ದೆಗಳಲ್ಲಿ 1,709 ಖಾಲಿ ಇದ್ದವು. ಕರ್ನಾಟಕದ ಒಂದೊಂದು ಸಾವಿಗೂ ಇಷ್ಟೇ ಜನ ಬಂದು ನಿಲ್ಲಬೇಕೆಂದರೆ ಅದು ಆಗುವ ಮಾತಲ್ಲ.

ಹಾಗೆಂದು ರಾಷ್ಟ್ರೀಯ ಸಂಸ್ಥೆ ಬೇಡವೇ? ಖಂಡಿತ ಬೇಕು. ಬಳ್ಳಾರಿಯ ಗಣಿಗಳನ್ನು ನೆನೆಯಿರಿ. ಅದಿರು ತೆಗೆಯುವವರು ಎರಡು ರಾಜ್ಯಗಳ ಗಡಿ ಗುರುತನ್ನೇ ಅಳಿಸಿದ್ದರು. ಕರ್ನಾಟಕದಲ್ಲಿ ಅವರದೇ ಸರ್ಕಾರ, ಅವರೇ ಮಂತ್ರಿಗಳು. ಆಂಧ್ರ ಸರ್ಕಾರ 2009ರಲ್ಲಿ ಓಬಳಾಪುರಂ ಗಣಿ ಪ್ರಕರಣವನ್ನು ಸಿಬಿಐಗೆ ಒಪ್ಪಿಸಿತು. 2011ರ ಸೆಪ್ಟೆಂಬರ್ 5ರ ಬೆಳಗ್ಗೆ ಗಾಲಿ ಜನಾರ್ದನ ರೆಡ್ಡಿಯನ್ನು ಬಂಧಿಸಿದ್ದು ಸಿಬಿಐ. ಯಾವ ಠಾಣೆಯ ಇನ್‌ಸ್ಪೆಕ್ಟರ್‌ಗೆ ಆ ಬಾಗಿಲು ತಟ್ಟುವ ಧೈರ್ಯವಿತ್ತು? ಅಂಕೋಲಾದ ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಹಡಗು ಹತ್ತಿ ಹೋದ ಪ್ರಕರಣವೂ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಸಿಬಿಐಗೆ ಹೋಯಿತು. ಕಾರವಾರದ ಶಾಸಕ ಸತೀಶ ಸೈಲ್ ಸೇರಿ ಹಲವರಿಗೆ 2024ರ ಅಕ್ಟೋಬರ್‌ನಲ್ಲಿ ಶಿಕ್ಷೆಯಾಯಿತು. ಓಬಳಾಪುರಂ ತೀರ್ಪು ಬಂದದ್ದು 2025ರ ಮೇ 6ರಂದು. ಎರಡರಲ್ಲೂ ಹೈಕೋರ್ಟ್‌ಗಳು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿವೆ. ಹದಿನೈದು ವರ್ಷ ಹಿಡಿಯಿತೆಂಬುದು ಬೇಸರದ ಸಂಗತಿಯೇ, ಆದರೆ ರಾಜ್ಯದ ಕೈಯಲ್ಲಿದ್ದಿದ್ದರೆ ಇಷ್ಟೂ ಆಗುತ್ತಿರಲಿಲ್ಲ.

ಬೆಂಗಳೂರಿನ ರಾಮೇಶ್ವರಂ ಕೆಫೆ ಸ್ಫೋಟವೂ ಹಾಗೆಯೇ. 2024ರ ಮಾರ್ಚ್ 1ರಂದು ಬಾಂಬ್ ಸಿಡಿಯಿತು, ಮೂರನೇ ದಿನಕ್ಕೆ ಪ್ರಕರಣ ರಾಷ್ಟ್ರೀಯ ತನಿಖಾ ದಳ, ಅಂದರೆ ಎನ್‌ಐಎ ಕೈಗೆ ಬಂತು. ಜಾಡು ತಮಿಳುನಾಡಿನತ್ತ ಹೋಗಿ, ಏಪ್ರಿಲ್ 12ರಂದು ಇಬ್ಬರು ಮುಖ್ಯ ಆರೋಪಿಗಳು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿಬಿದ್ದರು. ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಪೊಲೀಸರು ಕೈಜೋಡಿಸಿದ್ದರು. ಅಪರಾಧ ಗಡಿ ದಾಟಿದರೆ ತನಿಖೆಯೂ ದಾಟಬೇಕು. ಅದಕ್ಕೆಂದೇ 2008ರ ನವೆಂಬರ್‌ನ ಮುಂಬೈ ದಾಳಿಯ ನಂತರ ಒಂದೇ ತಿಂಗಳಲ್ಲಿ ಎನ್‌ಐಎ ಕಾಯ್ದೆ ಬಂತು.

ಆಗಲೇ ಹೇಳಿದ ಮೂರನೆಯ ದಾರಿ ಇದೇ. ಕಾಯ್ದೆಯ ಅನುಸೂಚಿಯಲ್ಲಿರುವ ಅಪರಾಧ, ಉದಾಹರಣೆಗೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿಯ ಅಪರಾಧ, ಎಫ್‌ಐಆರ್‌ನಲ್ಲಿದ್ದರೆ ಠಾಣಾಧಿಕಾರಿ ರಾಜ್ಯ ಸರ್ಕಾರಕ್ಕೆ ವರದಿ ಕೊಡಬೇಕು, ರಾಜ್ಯ ಅದನ್ನು ಕೇಂದ್ರಕ್ಕೆ ಕಳುಹಿಸಬೇಕು, ಕೇಂದ್ರ ಹದಿನೈದು ದಿನದಲ್ಲಿ ತೀರ್ಮಾನಿಸಬೇಕು. ವರದಿಗೆ ಕಾಯದೆ ಕೇಂದ್ರ ತಾನಾಗಿಯೇ ಪ್ರಕರಣ ವಹಿಸಿಕೊಳ್ಳಲೂಬಹುದು. ರಾಜ್ಯದ ಸಮ್ಮತಿಯ ಮಾತೇ ಇಲ್ಲಿಲ್ಲ. ಎನ್‌ಐಎ ಬಂದ ಮೇಲೆ ರಾಜ್ಯದ ಪೊಲೀಸರು ತನಿಖೆ ಮುಂದುವರಿಸುವಂತಿಲ್ಲ. ಈ ಅಧಿಕಾರದ ಬಳಕೆ ಬಗ್ಗೆ ನನ್ನ ಆತಂಕಕ್ಕೆ ಕಾರಣವಿದೆ. ಭೀಮಾ ಕೋರೆಗಾಂವ್ ಪ್ರಕರಣವನ್ನು ಪುಣೆ ಪೊಲೀಸರು 2018ರಿಂದ ಎರಡು ವರ್ಷ ತನಿಖೆ ಮಾಡಿದರು. ಕೇಂದ್ರಕ್ಕೆ ಅದು ಸಾಕೆನಿಸಿತ್ತು. ಮಹಾರಾಷ್ಟ್ರದಲ್ಲಿ ಸರ್ಕಾರ ಬದಲಾಗಿ, ಹೊಸ ಸಚಿವರು ಆ ತನಿಖೆಯನ್ನು ಪರಿಶೀಲಿಸುವ ಸಭೆ ನಡೆಸಿದ ಬೆನ್ನಲ್ಲೇ, 2020ರ ಜನವರಿ 24ರಂದು, ಪ್ರಕರಣ ಎನ್‌ಐಎ ಪಾಲಾಯಿತು. ಅಪರಾಧದಲ್ಲಿ ಹೊಸದೇನೂ ಆಗಿರಲಿಲ್ಲ. ಮುಂಬೈಯಲ್ಲಿ ಅಧಿಕಾರ ಹಿಡಿದವರು ಬದಲಾಗಿದ್ದರು.

ನಮ್ಮ ಕರಾವಳಿಯಲ್ಲಿ ಇನ್ನೂ ನೋವಿನ ಪ್ರಶ್ನೆಯೊಂದಿದೆ. 2022ರ ಜುಲೈನಲ್ಲಿ ಹತ್ತು ದಿನಗಳ ಅಂತರದಲ್ಲಿ ದಕ್ಷಿಣ ಕನ್ನಡದಲ್ಲಿ ಮೂವರು ಯುವಕರ ಕೊಲೆಯಾಯಿತು, ಬೆಳ್ಳಾರೆ ಸುತ್ತಮುತ್ತ ಇಬ್ಬರು, ಸುರತ್ಕಲ್‌ನಲ್ಲಿ ಒಬ್ಬರು. ಮೂವರಲ್ಲಿ ಒಬ್ಬ ಹಿಂದೂ, ಇಬ್ಬರು ಮುಸ್ಲಿಮರು. ರಾಜ್ಯ ಸರ್ಕಾರದ ಶಿಫಾರಸಿನ ಮೇಲೆ ಎನ್‌ಐಎಗೆ ಹೋದದ್ದು ಒಂದು ಪ್ರಕರಣ. 2025ರ ಮೇನಲ್ಲಿ ಬಜ್ಪೆಯಲ್ಲೊಂದು, ಬಂಟ್ವಾಳ ತಾಲ್ಲೂಕಿನಲ್ಲೊಂದು ಕೊಲೆ. ಕೇಂದ್ರ ಗೃಹ ಸಚಿವಾಲಯ ಎನ್‌ಐಎಗೆ ಒಪ್ಪಿಸಿದ್ದು ಮೊದಲನೆಯದನ್ನು. ಸಂಘಟಿತ ಸಂಚು, ಯುಎಪಿಎ ಎಂಬ ಕಾನೂನಿನ ಕಾರಣ ಕೊಡಬಹುದು. ಅದು ಕೆಲವು ಪ್ರಕರಣಗಳಲ್ಲಿ ಸರಿಯೂ ಇರಬಹುದು. ಆದರೆ ಉಳಿದ ಮನೆಗಳಲ್ಲಿ ಕೂತ ತಾಯಂದಿರಿಗೆ ಆ ಕಾರಣವನ್ನು ಯಾರೂ ಬಿಡಿಸಿ ಹೇಳಿಲ್ಲ. ಯಾವ ಸಾವಿಗೆ ದೇಶದ ತನಿಖೆ, ಯಾವ ಸಾವಿಗೆ ಠಾಣೆಯ ತನಿಖೆ ಎಂಬುದನ್ನು ಕಾರಣ ಹೇಳದೆ ತೀರ್ಮಾನಿಸಿದರೆ, ತನಿಖೆ ಎಷ್ಟೇ ಪ್ರಾಮಾಣಿಕವಾಗಿದ್ದರೂ ಒಂದು ಊರಿನ ಅರ್ಧ ಜನ ಅದನ್ನು ನಂಬುವುದಿಲ್ಲ. ಆಗ ವರ್ಗಾವಣೆಯ ಉದ್ದೇಶವೇ ಸೋತಂತೆ.

ರಾಜಕೀಯ ಪಕ್ಷಗಳ ನಡವಳಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಿರೋಧ ಪಕ್ಷದಲ್ಲಿದ್ದಾಗ ಸಿಬಿಐ ಬೇಕು, ಅಧಿಕಾರಕ್ಕೆ ಬಂದರೆ ಸಿಐಡಿ ಸಾಕು. ಡಿ.ಕೆ. ಶಿವಕುಮಾರ್ ಅವರ ಆಸ್ತಿ ಪ್ರಕರಣದಲ್ಲಿ 2019ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ ಸರ್ಕಾರ ಸಿಬಿಐಗೆ ಸಮ್ಮತಿ ಕೊಟ್ಟಿತು. 2023ರ ನವೆಂಬರ್‌ನಲ್ಲಿ ಕಾಂಗ್ರೆಸ್ ಸರ್ಕಾರದ ಸಚಿವ ಸಂಪುಟ ಅದನ್ನು ವಾಪಸ್ ಪಡೆದು ಪ್ರಕರಣವನ್ನು ಲೋಕಾಯುಕ್ತಕ್ಕೆ ಕೊಟ್ಟಿತು. ಆಗ ಅವರು ಉಪಮುಖ್ಯಮಂತ್ರಿ. ಒಮ್ಮೆ ಕೊಟ್ಟ ಸಮ್ಮತಿಯನ್ನು ನಡೆಯುತ್ತಿರುವ ಪ್ರಕರಣದಿಂದ ಹಿಂಪಡೆಯಲಾಗದು ಎಂದು ಸಿಕ್ಕಿಂ ಮುಖ್ಯಮಂತ್ರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿತ್ತು. ಈ ವಾಪಸಾತಿಯನ್ನು ಪ್ರಶ್ನಿಸಿದ ಅರ್ಜಿಗಳನ್ನು ನಮ್ಮ ಹೈಕೋರ್ಟ್ 2024ರ ಆಗಸ್ಟ್‌ನಲ್ಲಿ, ಇದು ಕೇಂದ್ರ–ರಾಜ್ಯಗಳ ನಡುವಿನ ವ್ಯಾಜ್ಯ, ಸುಪ್ರೀಂ ಕೋರ್ಟ್‌ನಲ್ಲೇ ತೀರ್ಮಾನವಾಗಬೇಕು ಎಂದು ಹೇಳಿ ಕೈಬಿಟ್ಟಿತು. ಮರುತಿಂಗಳು, 26ರಂದು, ರಾಜ್ಯ ಸಂಪುಟ ಸಾಮಾನ್ಯ ಸಮ್ಮತಿಯನ್ನೇ ಹಿಂಪಡೆಯಿತು. ಮುಡಾ ವಿಚಾರದಲ್ಲಿ ಮುಖ್ಯಮಂತ್ರಿಯ ಮೇಲೆ ಲೋಕಾಯುಕ್ತ ತನಿಖೆಗೆ ನ್ಯಾಯಾಲಯ ಆದೇಶಿಸಿ ಆಗ ಒಂದೇ ದಿನ ಕಳೆದಿತ್ತು.

ಕೇಂದ್ರ ಸರ್ಕಾರ ಸಿಬಿಐಯನ್ನು ವಿರೋಧಿಗಳ ಮೇಲೆ ಬಿಡುತ್ತದೆ ಎಂಬ ರಾಜ್ಯದ ದೂರಿನಲ್ಲಿ ಹುರುಳಿದೆ. ಪಶ್ಚಿಮ ಬಂಗಾಳ, ತಮಿಳುನಾಡು, ಕೇರಳ, ಪಂಜಾಬ್ ಇದೇ ದೂರಿನ ಮೇಲೆ ಮೊದಲೇ ಸಮ್ಮತಿ ಹಿಂಪಡೆದಿದ್ದವು. ಕರ್ನಾಟಕವೇ 1998ರಲ್ಲಿ ಜೆ.ಎಚ್. ಪಟೇಲರ ಕಾಲದಲ್ಲಿ ಒಮ್ಮೆ ಹೀಗೆ ಮಾಡಿತ್ತು. ಆದರೆ ಸ್ವಂತ ಮುಖ್ಯಮಂತ್ರಿಯ ಮೇಲೆ ತನಿಖೆಗೆ ಆದೇಶವಾದ ಮರುದಿನ ತೆಗೆದುಕೊಂಡ ತೀರ್ಮಾನವನ್ನು ಒಕ್ಕೂಟ ತತ್ವದ ರಕ್ಷಣೆ ಎಂದು ನಂಬುವುದು ಕಷ್ಟ. ಬಾಗಿಲು ಮುಚ್ಚುವ ಹಕ್ಕು ರಾಜ್ಯಕ್ಕಿದೆ. ಮುಚ್ಚುವವರು ಒಳಗೆ ನ್ಯಾಯ ಸಿಗುವಂತೆಯೂ ಮಾಡಬೇಕಲ್ಲವೇ?

ಅದನ್ನು ಮಾಡುವುದು ಹೇಗೆಂದು ಹೊಸದಾಗಿ ಯಾರೂ ಕಂಡುಹಿಡಿಯಬೇಕಿಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು: ತನಿಖೆಯನ್ನು ಕಾನೂನು ಸುವ್ಯವಸ್ಥೆಯ ಕೆಲಸದಿಂದ ಬೇರ್ಪಡಿಸಿ, ಠಾಣಾಧಿಕಾರಿ, ಎಸ್‌ಪಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಿ, ವರ್ಗಾವಣೆಗೆ ಇಲಾಖೆಯೊಳಗಿನ ಮಂಡಳಿ ಇರಲಿ, ಪೊಲೀಸರ ವಿರುದ್ಧದ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಇರಲಿ. ಬೆಳಗ್ಗೆ ಸಚಿವರ ಬಂದೋಬಸ್ತ್, ಮಧ್ಯಾಹ್ನ ಗಣೇಶೋತ್ಸವದ ಶಾಂತಿ ಸಭೆ, ಸಂಜೆ ಕೋರ್ಟು, ರಾತ್ರಿ ಗಸ್ತು ಮುಗಿಸಿದ ಸಬ್‌ಇನ್‌ಸ್ಪೆಕ್ಟರ್ ಕೊಲೆಯ ತನಿಖೆಯನ್ನು ಯಾವಾಗ ಮಾಡಬೇಕು? ಶಾಸಕರ ಶಿಫಾರಸು ಪತ್ರದ ಮೇಲೆ ಠಾಣೆಗೆ ಬಂದ ಇನ್‌ಸ್ಪೆಕ್ಟರ್ ಆ ಶಾಸಕರ ಬೆಂಬಲಿಗನ ಮನೆಯನ್ನು ಶೋಧಿಸುವುದು ಹೇಗೆ? 2024ರ ಜುಲೈ 1ರಿಂದ ಜಾರಿಯಾದ ಹೊಸ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು ಎಂದು ಹೇಳುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶವಿದೆ. ತಾಲ್ಲೂಕು ಮಟ್ಟದವರೆಗೆ ಇದು ಮುಟ್ಟಿದರೆ, ಉಜಿರೆಯಲ್ಲಿ ಆದಂಥ ಅನಾಹುತ ಇನ್ನೊಮ್ಮೆ ಆಗುವುದನ್ನು ತಡೆಯಬಹುದು.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನಲ್ಲಿ ಅನ್ಯಾಯದ ಸಾವೊಂದು ಸಂಭವಿಸಿ ನೀವು ಮೆರವಣಿಗೆಯಲ್ಲಿ ಹೆಜ್ಜೆ ಹಾಕುವ ದಿನ ಬಂದರೆ, ಸಿಬಿಐ ಬೇಕೆಂದು ಕೇಳುವ ಮೊದಲು ಠಾಣೆಗೆ ಹೋಗಿ ಮಹಜರು ಆಯಿತೇ, ವಿಧಿವಿಜ್ಞಾನದವರು ಬಂದರೇ, ಸಿಸಿಟಿವಿ ದೃಶ್ಯಗಳನ್ನು ವಶಕ್ಕೆ ಪಡೆದರೇ ಎಂದು ಅದೇ ದಿನ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ನಿಮ್ಮ ಶಾಸಕರು ಮತ ಕೇಳಲು ಬಂದಾಗ, ನಮ್ಮ ಠಾಣೆಯ ಇನ್‌ಸ್ಪೆಕ್ಟರ್‌ರನ್ನು ಎರಡು ವರ್ಷದೊಳಗೆ ಎತ್ತಂಗಡಿ ಮಾಡಿಸುವುದಿಲ್ಲ ಎಂದು ಮಾತು ಕೊಡುವಿರಾ ಎಂದು ಎಲ್ಲರೆದುರು ಕೇಳಿ.